ನೂರಕ್ಕೊಂದು ಪರಮಾಣು: ಕಾರ್ಬನ್-13 ನಡೆದು ಬಂದ ದಾರಿ

ಜೇನುತುಪ್ಪದ ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಡಿ. ಕರಗದೆ ನೇರವಾಗಿ ತಳಕ್ಕಿಳಿದರೆ ಅದು ಶುದ್ಧ, ಇಳಿಯುವಾಗಲೇ ಕರಗಿದರೆ ಕಲಬೆರಕೆ. ಈ ಪರೀಕ್ಷೆಯನ್ನು ನೀವು ಕೇಳಿರುತ್ತೀರಿ, ಮಾಡಿಯೂ ಇರಬಹುದು. ಬೆಂಕಿಕಡ್ಡಿಯನ್ನು ಜೇನಿನಲ್ಲಿ ಅದ್ದಿ ಗೀರಿದಾಗ ಹೊತ್ತಿಕೊಂಡರೆ ಶುದ್ಧ ಎನ್ನುವುದು ಇನ್ನೊಂದು. ಆದರೆ ಮೊದಲನೆಯದು ತಿಳಿಸುವುದು ದ್ರವದ ಸಾಂದ್ರತೆ ಮತ್ತು ಸ್ನಿಗ್ಧತೆಗಳನ್ನು. ಎರಡನೆಯದು ಅದರಲ್ಲಿರುವ ನೀರಿನ ಪ್ರಮಾಣವನ್ನು. ಚೆನ್ನಾಗಿ ಕಾಯಿಸಿ ಗಟ್ಟಿ ಮಾಡಿದ ಸಕ್ಕರೆ ಪಾಕವೂ ಈ ಎರಡು ಪರೀಕ್ಷೆಗಳಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ!

ಹಾಗಾದರೆ ರಾಸಾಯನಿಕ ಪರೀಕ್ಷೆ ಮಾಡಿದರಾಯಿತು ಎನ್ನುತ್ತೀರಾ? ಅಲ್ಲಿಯೂ ತೊಡಕಿದೆ. ಜೇನಿನಲ್ಲಿರುವ ಮುಖ್ಯ ಸಕ್ಕರೆಗಳು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಕಬ್ಬಿನ ಸಕ್ಕರೆಯನ್ನು ಒಡೆದರೂ ಇವೇ ದೊರೆಯುತ್ತವೆ. ಗ್ಲೂಕೋಸ್ ಅಣು ಹೂವಿನ ಮಕರಂದದಿಂದ ಬಂದರೂ ಕಬ್ಬಿನ ಜಲ್ಲೆಯಿಂದ ಬಂದರೂ ಗ್ಲೂಕೋಸೇ. ಸೂತ್ರ ಒಂದೇ, ರಚನೆ ಒಂದೇ, ಸಿಹಿ ಒಂದೇ.

ಆದರೂ ಆ ಸಕ್ಕರೆ ಯಾವ ಬಗೆಯ ಎಲೆಯಲ್ಲಿ ತಯಾರಾಯಿತು ಎಂಬುದನ್ನು ಪ್ರಯೋಗಾಲಯದಲ್ಲಿ ಹೇಳಬಹುದು. ಅದಕ್ಕೆ ಬೇಕಾದ ತಿಳಿವಳಿಕೆ ಕೂಡಿಬರಲು ಸುಮಾರು 65 ವರ್ಷಗಳು ಹಿಡಿದವು. ಭೌತವಿಜ್ಞಾನಿಗಳು, ಭೂವಿಜ್ಞಾನಿಗಳು, ಸಸ್ಯವಿಜ್ಞಾನಿಗಳು ಮತ್ತು ಆಹಾರ ಪರೀಕ್ಷಕರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಈ ಕೆಲಸ ಮಾಡಿದರು. ಆರಂಭಿಸಿದವರ ಮನಸ್ಸಿನಲ್ಲಿ ಜೇನು ಇರಲೇ ಇಲ್ಲ. ಆ ದಾರಿಯಲ್ಲಿ ನಾವೂ ಒಮ್ಮೆ ನಡೆದು ನೋಡೋಣ ಬನ್ನಿ.

ನಿಯಾನಿನ ಎರಡು ಗೆರೆಗಳು

1912ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಮತ್ತು ಅವರ ಸಹಾಯಕ ಫ್ರಾನ್ಸಿಸ್ ಆಸ್ಟನ್ ನಿಯಾನ್ ಅನಿಲದ ಧನ ಅಯಾನುಗಳನ್ನು ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಮೂಲಕ ಹಾಯಿಸುತ್ತಿದ್ದರು. ಒಂದೇ ರಾಶಿಯ ಅಯಾನುಗಳೆಲ್ಲ ಫೋಟೋ ಫಲಕದ ಮೇಲೆ ಒಂದೇ ಪರವಲಯದ ಗೆರೆಯಲ್ಲಿ ಬೀಳಬೇಕು. ನಿಯಾನಿಗೆ ರಾಶಿ 20ರಲ್ಲಿ ಗೆರೆ ಬಂತು. ಜೊತೆಗೆ 22ರ ಸ್ಥಾನದಲ್ಲಿ ಇನ್ನೊಂದು ಮಸುಕಾದ ಗೆರೆ! ಅದು ಯಾವುದೋ ಸಂಯುಕ್ತದ್ದಿರಬಹುದೆಂಬ ಶಂಕೆಯೂ ಇತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಆಸ್ಟನ್ ಇನ್ನೂ ನಿಖರವಾದ ಉಪಕರಣವನ್ನು ಕಟ್ಟಿ ಸಂದೇಹವನ್ನು ಪರಿಹರಿಸಿದರು. ನಿಯಾನಿನಲ್ಲಿ ಎರಡು ಬಗೆಯ ಪರಮಾಣುಗಳಿದ್ದವು. ರಾಸಾಯನಿಕ ಗುಣ ಒಂದೇ, ತೂಕ ಮಾತ್ರ ಬೇರೆ. ಇಂಥವುಗಳಿಗೆ ಫ್ರೆಡರಿಕ್ ಸಾಡಿ 1913ರಲ್ಲಿಯೇ ಐಸೊಟೋಪ್ ಎಂದು ಹೆಸರಿಟ್ಟಿದ್ದರು. ನಾವು ಸಮಸ್ಥಾನಿ ಎನ್ನುತ್ತೇವೆ. ಆಸ್ಟನ್‌ಗೆ 1922ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಕಾರ್ಬನ್ನಿನ ಭಾರವಾದ ಸಮಸ್ಥಾನಿ ಇಷ್ಟು ಸುಲಭವಾಗಿ ಸಿಕ್ಕಲಿಲ್ಲ. ಏಕೆಂದರೆ ರಾಶಿ 12ರ ಕಾರ್ಬನ್ನಿಗೆ ಒಂದು ಹೈಡ್ರೊಜನ್ ಅಂಟಿಕೊಂಡರೂ ಅದು 13ರ ಜಾಗದಲ್ಲಿಯೇ ಬೀಳುತ್ತದೆ. ಕೊನೆಗೆ 1929ರಲ್ಲಿ ಆರ್ಥರ್ ಕಿಂಗ್ ಮತ್ತು ರೇಮಂಡ್ ಬರ್ಜ್ ಕಾರ್ಬನ್ ಅಣುವಿನ ಬೆಳಕಿನ ರೋಹಿತದಲ್ಲಿ ತುಸು ಸರಿದು ಕುಳಿತ ಮಸುಕಾದ ಪಟ್ಟೆಗಳನ್ನು ಗುರುತಿಸಿ ಕಾರ್ಬನ್-13 ಇದೆಯೆಂದು ತೋರಿಸಿದರು. ಪ್ರಕೃತಿಯಲ್ಲಿರುವ ಕಾರ್ಬನ್ನಿನಲ್ಲಿ ಸುಮಾರು 98.9 ಭಾಗ ಕಾರ್ಬನ್-12, ಉಳಿದ 1.1 ಭಾಗ ಕಾರ್ಬನ್-13. ನೂರಕ್ಕೆ ಒಂದು ಎಂದು ನೆನಪಿಡಿ.

ಈ ಅನುಪಾತ ಎಲ್ಲೆಡೆ ಒಂದೇ ಎಂಬ ನಂಬಿಕೆ ಆಗ ಸಾಮಾನ್ಯವಾಗಿತ್ತು. 1939ರಲ್ಲಿ ಆಲ್ಫ್ರೆಡ್ ನೀರ್ ಮತ್ತು ಅರ್ಲ್ ಗುಲ್‌ಬ್ರಾನ್ಸೆನ್ ಬೇರೆ ಬೇರೆ ಮೂಲಗಳ ಕಾರ್ಬನ್ನನ್ನು ಅಳೆದು ನೋಡಿದಾಗ ಸುಣ್ಣಕಲ್ಲಿನಲ್ಲಿ ಕಾರ್ಬನ್-13 ತುಸು ಹೆಚ್ಚು, ಸಸ್ಯಗಳಲ್ಲಿ ತುಸು ಕಡಿಮೆ ಎಂದು ತಿಳಿಯಿತು. ಮರುವರ್ಷ ನೀರ್ 60 ಡಿಗ್ರಿ ಕೋನದ ಪುಟ್ಟ ಕಾಂತವನ್ನು ಬಳಸುವ ಹೊಸ ಬಗೆಯ ರಾಶಿ ರೋಹಿತಮಾಪಕವನ್ನು ರೂಪಿಸಿದರು. ಭಾರಿ ಕಾಂತಗಳ ಕಾಲ ಮುಗಿದು ಈ ಉಪಕರಣ ಭೌತವಿಜ್ಞಾನಿಗಳ ಕೋಣೆಯಿಂದ ಹೊರಗೆ ಬರಲು ಸಾಧ್ಯವಾದದ್ದು ಆಗ.

ಅದರ ತತ್ತ್ವ ಪದವಿ ತರಗತಿಯ ಪಾಠವೇ. ಒಂದೇ ವಿಭವದಲ್ಲಿ ವೇಗ ಪಡೆದ ಅಯಾನು ಕಾಂತಕ್ಷೇತ್ರದಲ್ಲಿ ವೃತ್ತಾಕಾರದಲ್ಲಿ ಬಾಗುತ್ತದೆ; ಆ ವೃತ್ತದ ತ್ರಿಜ್ಯ ರಾಶಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಮಾದರಿಯನ್ನು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡಿದರೆ ಕಾರ್ಬನ್-12 ಇರುವ ಅಣುವಿನ ರಾಶಿ 44, ಕಾರ್ಬನ್-13 ಇರುವುದರದು 45. ತ್ರಿಜ್ಯಗಳ ವ್ಯತ್ಯಾಸ ಶೇಕಡಾ 1.1. ಹಾದಿಯ ತ್ರಿಜ್ಯ 15 ಸೆಂಟಿಮೀಟರ್ ಇದ್ದರೆ ಎರಡರ ನಡುವೆ 1.7 ಮಿಲಿಮೀಟರ್ ಅಂತರ. ನೂರಕ್ಕೊಂದು ಪರಮಾಣುವನ್ನು ಹಿಡಿಯಲು ಅಷ್ಟು ಸಾಕು.

ಕಲ್ಲಾದ ಚಿಪ್ಪಿನಲ್ಲಿ ಉಷ್ಣಮಾಪಕ

ಈಗ ಕಥೆ ಭೂವಿಜ್ಞಾನದ ಕಡೆ ತಿರುಗುತ್ತದೆ. 1931ರಲ್ಲಿ ಭಾರವಾದ ಹೈಡ್ರೊಜನ್ನನ್ನು ಕಂಡುಹಿಡಿದು 1934ರಲ್ಲಿ ನೊಬೆಲ್ ಪಡೆದಿದ್ದ ಹೆರಾಲ್ಡ್ ಯೂರಿ, 1946ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಮಸ್ಥಾನಿಗಳ ಬಗ್ಗೆ ಉಪನ್ಯಾಸ ಕೊಟ್ಟರು. ಸಭೆಯಲ್ಲಿದ್ದ ಖನಿಜವಿಜ್ಞಾನಿ ಪೌಲ್ ನಿಗ್ಲಿ ಒಂದು ಪ್ರಶ್ನೆ ಎತ್ತಿದರು: ಸಮುದ್ರದಲ್ಲಿ ಉಂಟಾದ ಸುಣ್ಣಕಲ್ಲನ್ನು ಸಿಹಿನೀರಿನಲ್ಲಿ ಉಂಟಾದ ಸುಣ್ಣಕಲ್ಲಿನಿಂದ ಬೇರ್ಪಡಿಸಲು ಆಕ್ಸಿಜನ್ ಸಮಸ್ಥಾನಿಗಳು ನೆರವಾದಾವೆ? ಯೂರಿ ಮನೆಗೆ ಹೋಗಿ ಲೆಕ್ಕ ಹಾಕಿದಾಗ ಹೊಳೆದದ್ದು ಇನ್ನೂ ದೊಡ್ಡದು. ನೀರಿನಿಂದ ಚಿಪ್ಪಿಗೆ ಸೇರುವ ಆಕ್ಸಿಜನ್-18ರ ಪ್ರಮಾಣ ನೀರಿನ ಉಷ್ಣತೆಯನ್ನು ಅವಲಂಬಿಸುತ್ತದೆ. ಒಂದು ಡಿಗ್ರಿಗೆ ಸಾವಿರಕ್ಕೆ ಸುಮಾರು 0.2ರಷ್ಟು. ಅಂದರೆ ಕಲ್ಲಾಗಿರುವ ಚಿಪ್ಪೇ ಪ್ರಾಚೀನ ಕಡಲಿನ ಉಷ್ಣಮಾಪಕ!

ಆದರೆ ಆ ಕಾಲದ ಉಪಕರಣಗಳಿಗೆ ಇಷ್ಟು ಸಣ್ಣ ವ್ಯತ್ಯಾಸ ನಿಲುಕುತ್ತಿರಲಿಲ್ಲ. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಯೂರಿಯವರ ತಂಡ ನೀರ್ ಅವರ ವಿನ್ಯಾಸವನ್ನು ತಿದ್ದಿ, ಮಾದರಿ ಅನಿಲವನ್ನೂ ಮಾನಕ ಅನಿಲವನ್ನೂ ಒಂದಾದ ಮೇಲೊಂದರಂತೆ ಒಳಬಿಟ್ಟು ಹೋಲಿಸುವ ವ್ಯವಸ್ಥೆ ಮಾಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಕ್ಕಡಿಯ ದೋಷ ಎರಡಕ್ಕೂ ಒಂದೇ ಆಗಿ ಕಳೆದುಹೋಗುತ್ತದಲ್ಲವೆ? 1951ರಲ್ಲಿ ಅವರು ಜುರಾಸಿಕ್ ಕಾಲದ ಬೆಲೆಮ್ನೈಟ್ ಎಂಬ ಕಡಲಜೀವಿಯ ಚಿಪ್ಪನ್ನು ಪದರಪದರವಾಗಿ ಅಳೆದು, ಅದು ಬೆಳೆದ ಮೇಲೆ ಮೂರು ಬೇಸಿಗೆ, ನಾಲ್ಕು ಚಳಿಗಾಲಗಳನ್ನು ಕಂಡಿತ್ತು ಎಂದು ತೋರಿಸಿದರು.

ಹೋಲಿಕೆಗೆ ಎಲ್ಲರೂ ಒಪ್ಪುವ ಮಾನಕ ಬೇಕು. ಅಮೆರಿಕದ ದಕ್ಷಿಣ ಕೆರೊಲಿನದ ಪೀ ಡೀ ಶಿಲಾಸ್ತರದಲ್ಲಿ ದೊರೆತ, ಸುಮಾರು 7 ಕೋಟಿ ವರ್ಷ ಹಳೆಯ ಬೆಲೆಮ್ನೈಟ್ ಚಿಪ್ಪು ಕಾರ್ಬನ್ನಿನ ಮಾನಕವಾಯಿತು. ಆ ಮೂಲ ಪುಡಿ ಮುಗಿದುಹೋಗಿದೆ. ಆದರೆ ಇಂದಿನ ಅಳತೆಗೋಲನ್ನು ಅದಕ್ಕೇ ಹೊಂದಿಸಿ ಉಳಿಸಿಕೊಂಡಿದ್ದಾರೆ. ಒಂದು ಮಾದರಿಯ ಕಾರ್ಬನ್-13 ಅನುಪಾತ ಈ ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು ಡೆಲ್ಟಾ ಮೌಲ್ಯ ಎನ್ನುತ್ತಾರೆ. ಸಾವಿರಕ್ಕೆ 25 ಕಡಿಮೆ ಇದ್ದರೆ ಡೆಲ್ಟಾ −25. ಯಾವುದೇ ದೇಶದ ಜೇನನ್ನು ಈ ರೀತಿ ಪರೀಕ್ಷಿಸಿದರೂ ಅದನ್ನು ಹೋಲಿಸುವುದು ಡೈನೊಸಾರ್‌ಗಳ ಕಾಲದ ಆ ಕಡಲಜೀವಿಯ ಚಿಪ್ಪಿಗೆ!

ಮೆಕ್ಕೆಜೋಳದ ತಪ್ಪು ವಯಸ್ಸು

ಇಲ್ಲಿಂದ ಮುಂದಿನ ಹೆಜ್ಜೆ ಸಸ್ಯವಿಜ್ಞಾನಕ್ಕೆ. ಆದರೆ ಅದರ ಸುಳಿವು ಮೊದಲು ಸಿಕ್ಕಿದ್ದು ಪುರಾತತ್ತ್ವದವರ ಒಂದು ಕಿರಿಕಿರಿಯಲ್ಲಿ. ವಿಕಿರಣಶೀಲ ಕಾರ್ಬನ್-14ರಿಂದ ಹಳೆಯ ವಸ್ತುಗಳ ವಯಸ್ಸು ಅಳೆಯುವ ವಿಧಾನ 1949ರಲ್ಲಿ ಬಂದಿತ್ತು. ಅಮೆರಿಕದಲ್ಲಿ ಉತ್ಖನನ ಮಾಡಿದ ಕಡೆ ಸಿಕ್ಕ ಮೆಕ್ಕೆಜೋಳದ ಕಾಳುಗಳು, ಅದೇ ಪದರದ ಕಟ್ಟಿಗೆಯ ಇದ್ದಿಲಿಗಿಂತ ಸುಮಾರು 200 ವರ್ಷ ಚಿಕ್ಕವೆಂದು ತೋರುತ್ತಿದ್ದವು. ಒಂದೇ ಒಲೆಯ ಕಟ್ಟಿಗೆಗೂ ಕಾಳಿಗೂ ಇಷ್ಟು ಅಂತರವೇ? ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಾರ್ಗರೆಟ್ ಬೆಂಡರ್ 1968ರಲ್ಲಿ ಮೆಕ್ಕೆಜೋಳ ಹಾಗೂ ಇತರ ಹುಲ್ಲುಗಳ ಕಾರ್ಬನ್-13 ಅಳೆದು ಪ್ರಕಟಿಸಿದರು. ಮೆಕ್ಕೆಜೋಳ ಭಾರವಾದ ಕಾರ್ಬನ್ನನ್ನು ಇತರ ಗಿಡಗಳಿಗಿಂತ ಹೆಚ್ಚಾಗಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಕಾರ್ಬನ್-13 ಹೆಚ್ಚು ಸೇರಿದರೆ ಕಾರ್ಬನ್-14 ಕೂಡ ಹೆಚ್ಚು ಸೇರುತ್ತದೆ. ಆದ್ದರಿಂದ ವಯಸ್ಸು ಕಡಿಮೆ ತೋರುತ್ತದೆ.

ಮೆಕ್ಕೆಜೋಳ ಏಕೆ ಹೀಗೆ? ಉತ್ತರ ಕಬ್ಬಿನ ಗದ್ದೆಯಲ್ಲಿತ್ತು. ದ್ಯುತಿಸಂಶ್ಲೇಷಣೆಯಲ್ಲಿ ಮೊದಲು ಮೂರು ಕಾರ್ಬನ್‌ಗಳ ಸಂಯುಕ್ತ ಉಂಟಾಗುತ್ತದೆಂದು ಮೆಲ್ವಿನ್ ಕ್ಯಾಲ್ವಿನ್ ತಂಡ ತೋರಿಸಿತ್ತು. ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಸಂದಿತ್ತು. ಆದರೆ 1965ರಲ್ಲಿ ಹವಾಯಿಯ ಕಬ್ಬು ಸಂಶೋಧಕರಾದ ಕಾರ್ಟ್‌ಶಾಕ್, ಹಾರ್ಟ್ ಮತ್ತು ಬರ್ ಕಬ್ಬಿನ ಎಲೆಯಲ್ಲಿ ಮೊದಲು ನಾಲ್ಕು ಕಾರ್ಬನ್‌ಗಳ ಆಮ್ಲ ಉಂಟಾಗುವುದನ್ನು ವರದಿ ಮಾಡಿದರು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಿಂದ ಈ ಮಾರ್ಗವನ್ನು ಹಂತಹಂತವಾಗಿ ಬಿಡಿಸಿದರು. ಹೀಗೆ ಸಸ್ಯಗಳಲ್ಲಿ ಸಿ-3 ಮತ್ತು ಸಿ-4 ಎಂಬ ಎರಡು ದೊಡ್ಡ ಬಗೆಗಳು ಗುರುತಾದವು.

ಇವುಗಳ ವ್ಯತ್ಯಾಸವನ್ನು ಸಂತೆಯ ಉದಾಹರಣೆಯಿಂದ ತಿಳಿಯಬಹುದು. ಬದನೆಕಾಯಿಯ ರಾಶಿಯ ಮುಂದೆ ಕುಳಿತ ಗಿರಾಕಿ ತನಗೆ ಬೇಕಾದುದನ್ನಷ್ಟೇ ಆರಿಸಿ ಉಳಿದುದನ್ನು ಬಿಟ್ಟು ಹೋಗುತ್ತಾನೆ. ಸಿ-3 ಎಲೆಯಲ್ಲಿ ರುಬಿಸ್ಕೋ ಎಂಬ ಕಿಣ್ವ ಇಂಥ ಗಿರಾಕಿ. ಹಗುರವಾದ ಕಾರ್ಬನ್-12 ಬೇಗ ವರ್ತಿಸುವುದರಿಂದ ಅದನ್ನೇ ಹೆಚ್ಚು ಹಿಡಿಯುತ್ತದೆ. ಉಳಿದ ಅನಿಲ ಎಲೆಯ ರಂಧ್ರದಿಂದ ಗಾಳಿಗೆ ಮರಳುತ್ತದೆ. ಸಿ-4 ಎಲೆಯಲ್ಲಿ ಬೇರೊಂದು ಕಿಣ್ವ ಹೆಚ್ಚು ಭೇದ ಮಾಡದೆ ಕಾರ್ಬನ್ನನ್ನು ಹಿಡಿದು ಒಳಗಿನ ಮುಚ್ಚಿದ ಕೋಶಗಳಿಗೆ ಸಾಗಿಸುತ್ತದೆ. ಅಲ್ಲಿರುವ ರುಬಿಸ್ಕೋ ಚೀಲದಲ್ಲಿ ತುಂಬಿಕೊಟ್ಟ ಪಡಿತರವನ್ನು ಪಡೆದವನಂತೆ. ಆರಿಸಲು ಹೆಚ್ಚು ಅವಕಾಶವಿಲ್ಲ. ಪರಿಣಾಮವಾಗಿ ಸಿ-3 ಸಸ್ಯಗಳ ಡೆಲ್ಟಾ ಸರಾಸರಿ −27ರ ಆಸುಪಾಸು, ಸಿ-4 ಸಸ್ಯಗಳದು −13ರ ಆಸುಪಾಸು. 1971ರ ವೇಳೆಗೆ ಬೆಂಡರ್ ಮತ್ತು ಇತರರ ಅಳತೆಗಳಿಂದ ಈ ಎರಡು ಗುಂಪುಗಳು ಸ್ಪಷ್ಟವಾದವು.

ನಮ್ಮ ಅಡುಗೆಮನೆಯನ್ನೇ ನೋಡಿ. ಅಕ್ಕಿ, ಗೋಧಿ, ತೊಗರಿ, ತೆಂಗು ಸಿ-3. ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಸಿ-4. ಉಂಡ ಆಹಾರದ ಕಾರ್ಬನ್ನೇ ದೇಹವನ್ನು ಕಟ್ಟುವುದರಿಂದ, ರಾಗಿಮುದ್ದೆಯನ್ನೇ ಹೆಚ್ಚಾಗಿ ಉಣ್ಣುವವರ ತಲೆಗೂದಲಿನ ಡೆಲ್ಟಾ ಅನ್ನ ಉಣ್ಣುವವರದಕ್ಕಿಂತ ಬೇರೆಯಾಗಿರುತ್ತದೆ.

ನೀಲಗಿರಿಯ ಜೌಗಿನಲ್ಲಿ

ಸಸ್ಯವಿಜ್ಞಾನದ ಈ ತಿಳಿವು ಬಹುಬೇಗ ಭೂವಿಜ್ಞಾನಕ್ಕೆ ಮರಳಿತು. ಅದರ ಒಳ್ಳೆಯ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ನೀಲಗಿರಿಯ ಎತ್ತರದ ಕಣಿವೆಗಳ ಜೌಗಿನಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಆಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಸಂಗಡಿಗರು ಆ ಪದರಗಳ ಕಾರ್ಬನ್-13 ಅಳೆದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣ ಹವೆಯಲ್ಲಿ ಸಿ-4 ಹುಲ್ಲುಗಳ ಕೈ ಮೇಲಾಗುತ್ತದೆ. ಮಳೆ ಹೆಚ್ಚಿದಾಗ ಸಿ-3 ಸಸ್ಯಗಳು ಹರಡುತ್ತವೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉಚ್ಚ ಹಂತದಲ್ಲಿ, ಅಲ್ಲಿ ಒಣ ಹವೆ ಇತ್ತೆಂದೂ ಆಮೇಲೆ, ಹಿಮಯುಗ ಮುಗಿದ ಮೇಲೆ, ಮುಂಗಾರು ಬಲಗೊಂಡಿತೆಂದೂ ಆ ಪೀಟ್ ತಿಳಿಸಿತು. ಮಳೆಮಾಪಕವಿಲ್ಲದ ಕಾಲದ ಮಳೆಯ ಸುದ್ದಿಯನ್ನು ಎಲೆಗಳು ಬರೆದಿಟ್ಟಿದ್ದವು.

ಮರಳಿ ಜೇನಿಗೆ

ಅದೇ ಎಲೆಯ ಗುರುತು ಆಹಾರ ಪರೀಕ್ಷೆಗೆ ಬಂದದ್ದು 1970ರ ದಶಕದಲ್ಲಿ. ಆಗ ಅಮೆರಿಕದಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಿಣ್ವಗಳ ನೆರವಿನಿಂದ ಫ್ರಕ್ಟೋಸ್ ಹೆಚ್ಚಿರುವ ಅಗ್ಗದ ಪಾಕ ತಯಾರಾಗತೊಡಗಿತು. ಅದರ ಸಕ್ಕರೆಗಳ ಪ್ರಮಾಣ ಜೇನಿನದನ್ನೇ ಹೋಲುತ್ತಿತ್ತು. ಜೇನಿಗೆ ಬೆರೆಸಿದರೆ ಹಳೆಯ ಪರೀಕ್ಷೆಗಳಿಗೆ ಸಿಗುತ್ತಿರಲಿಲ್ಲ. ಪ್ರಾಮಾಣಿಕ ಜೇನುಕೃಷಿಕರು ಬೆಲೆ ಕಳೆದುಕೊಳ್ಳುವ ಹೊತ್ತು.

ಅಮೆರಿಕದ ಕೃಷಿ ಇಲಾಖೆಯ ಫಿಲಡೆಲ್ಫಿಯಾ ಪ್ರಯೋಗಾಲಯದ ಜೋನಾಥನ್ ವೈಟ್ ಮತ್ತು ಲ್ಯಾಂಡಿಸ್ ಡೋನರ್ ಒಂದು ಸರಳ ಸಂಗತಿಯನ್ನು ಹಿಡಿದರು. ಜೇನುನೊಣಗಳು ಮಕರಂದ ತರುವ ಗಿಡಮರಗಳು ಬಹುಪಾಲು ಸಿ-3. ಮೆಕ್ಕೆಜೋಳ, ಕಬ್ಬು ಸಿ-4. ಅವರು ಅಳೆದಾಗ ಜೇನಿನ ಡೆಲ್ಟಾ ಸರಾಸರಿ −25.4, ಮೆಕ್ಕೆಜೋಳದ ಪಾಕದ್ದು −9.7 ಎಂದು ಬಂತು. 1977-78ರಲ್ಲಿ ಪ್ರಕಟವಾದ ಈ ಕೆಲಸ ಅಧಿಕೃತ ಪರೀಕ್ಷಾ ವಿಧಾನವಾಯಿತು.

ನೀವೇ ಲೆಕ್ಕ ಮಾಡಿ ನೋಡಿ. ಜೇನಿಗೆ ಶೇಕಡಾ 20ರಷ್ಟು ಮೆಕ್ಕೆಜೋಳದ ಪಾಕ ಬೆರೆಸಿದರೆ, 25.4ರ ಶೇಕಡಾ 80 ಎಂದರೆ 20.3; 9.7ರ ಶೇಕಡಾ 20 ಎಂದರೆ 1.9. ಕೂಡಿದರೆ ಮಿಶ್ರಣದ ಡೆಲ್ಟಾ −22.2. ಕಲಬೆರಕೆ ಸಿಕ್ಕಿಬಿತ್ತು. ಆದರೆ ಶೇಕಡಾ 7 ಮಾತ್ರ ಬೆರೆಸಿದರೆ ಬದಲಾವಣೆ ಕೇವಲ 1.1. ಶುದ್ಧ ಜೇನುಗಳ ನಡುವೆಯೇ ಅಷ್ಟು ಏರುಪೇರು ಸಹಜವಾಗಿ ಇರುತ್ತದೆ. ಯಾರನ್ನೋ ತಪ್ಪಿತಸ್ಥರೆಂದು ಹೇಳುವ ಮೊದಲು ಇನ್ನೂ ಗಟ್ಟಿ ಆಧಾರ ಬೇಕು. ವೈಟ್ 1989ರಲ್ಲಿ ಅದಕ್ಕೊಂದು ಜಾಣ ಪರಿಹಾರ ಕಂಡುಕೊಂಡರು. ಜೇನಿನಲ್ಲಿ ಸ್ವಲ್ಪ ಪ್ರೋಟೀನ್ ಇರುತ್ತದೆ, ಪಾಕದಲ್ಲಿ ಇರುವುದಿಲ್ಲ. ಜೇನಿನ ಪ್ರೋಟೀನನ್ನು ಬೇರ್ಪಡಿಸಿ ಅದರ ಡೆಲ್ಟಾವನ್ನು ಇಡೀ ಜೇನಿನದಕ್ಕೆ ಹೋಲಿಸಿದರೆ ಆ ಜೇನಿಗೆ ಅದೇ ಮಾನಕವಾಗುತ್ತದೆ. ಇಲ್ಲಿ 1ರಷ್ಟು ವ್ಯತ್ಯಾಸ ಬಂದರೆ ಸಿ-4 ಸಕ್ಕರೆ ಸುಮಾರು ಶೇಕಡಾ 7 ಇದೆ ಎಂದರ್ಥ. ಭಾರತದ ಜೇನಿನ ಮಾನಕಗಳಲ್ಲಿಯೂ ಸಿ-4 ಸಕ್ಕರೆಗೆ ಇದೇ ಶೇಕಡಾ 7ರ ಮಿತಿ ಇದೆ.

ಬಾಗಿಲ ಸಂದು

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆನ್ನುವಂತಿಲ್ಲ. ಸಸ್ಯವಿಜ್ಞಾನದ ಪುಸ್ತಕವನ್ನು ಕಲಬೆರಕೆ ಮಾಡುವವರೂ ಓದಬಲ್ಲರು! ಅಕ್ಕಿ ಸಿ-3 ಅಲ್ಲವೆ? ಅಕ್ಕಿಯ ಪಿಷ್ಟದಿಂದ ಪಾಕ ಮಾಡಿ ಬೆರೆಸಿದರೆ ಕಾರ್ಬನ್-13 ಪರೀಕ್ಷೆಗೆ ಅದು ಹೂವಿನ ಮಕರಂದದಂತೆಯೇ ಕಾಣುತ್ತದೆ. ರಾಶಿ ರೋಹಿತಮಾಪಕ ಸುಳ್ಳು ಹೇಳುವುದಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಉತ್ತರಿಸುತ್ತದೆ, ಅಷ್ಟೇ. ಇದು ಸಿ-4 ಸಸ್ಯದ್ದೇ ಎಂಬ ಪ್ರಶ್ನೆಗೆ ಅಲ್ಲ ಎಂದರೆ, ಇದು ಶುದ್ಧ ಜೇನು ಎಂದು ಹೇಳಿದಂತಾಗುವುದಿಲ್ಲ.

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಭಾರತದ 13 ಬ್ರಾಂಡುಗಳ ಜೇನನ್ನು ಪರೀಕ್ಷಿಸಿದ ವರದಿ ಹೊರಡಿಸಿತು. ಹೆಚ್ಚಿನವು ಸಿ-4 ಪರೀಕ್ಷೆಯನ್ನು ದಾಟಿದ್ದವು. ಜರ್ಮನಿಯ ಪ್ರಯೋಗಾಲಯದಲ್ಲಿ ಮಾಡಿಸಿದ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಪರೀಕ್ಷೆಯೂ ಸೇರಿ ಎಲ್ಲದರಲ್ಲಿ ತೇರ್ಗಡೆಯಾದವು 3 ಮಾತ್ರ ಎಂದು ವರದಿ ಹೇಳಿತು. ಕಂಪನಿಗಳು ಈ ತೀರ್ಮಾನವನ್ನು ಒಪ್ಪಲಿಲ್ಲ. ಆ ವಾದದಲ್ಲಿ ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಪರೀಕ್ಷೆ ಯಾವುದನ್ನು ಕಾಣಬಲ್ಲದು, ಯಾವುದನ್ನು ಕಾಣಲಾರದು ಎಂಬುದನ್ನು ತಿಳಿದವರು ಮಾತ್ರ ಇಂಥ ವಾದವನ್ನು ಅರಿತು ಕೇಳಬಲ್ಲರು.

ಹೊಸ ಪರೀಕ್ಷೆಯ ಮೂಲವೂ ಶುದ್ಧ ಭೌತವಿಜ್ಞಾನವೇ. ಪರಮಾಣು ಬೀಜಗಳ ಕಾಂತೀಯ ಅನುರಣನೆಯನ್ನು ಬ್ಲಾಕ್ ಮತ್ತು ಪರ್ಸೆಲ್ ತಂಡಗಳು 1946ರಲ್ಲಿ ಪ್ರಕಟಿಸಿದವು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ 1951ರಲ್ಲಿಯೇ ಹರಿಯುವ ದ್ರವಗಳಲ್ಲಿ ಈ ಅನುರಣನೆಯನ್ನು ಅಧ್ಯಯನ ಮಾಡಿದ್ದರು ಎಂಬುದು ನಾವು ನೆನೆಯಬೇಕಾದ ಸಂಗತಿ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಮಾದರಿಯ ರೋಹಿತವನ್ನು ಶುದ್ಧವೆಂದು ಖಚಿತವಾದ ಜೇನುಗಳ ರೋಹಿತಗಳ ಸಂಗ್ರಹಕ್ಕೆ ಹೋಲಿಸಬೇಕು. ಮಲೆನಾಡಿನ ಒಂದು ಕಾಡುಜೇನು ಆ ಸಂಗ್ರಹದಲ್ಲಿಲ್ಲದಿದ್ದರೆ ಶುದ್ಧವಾಗಿದ್ದೂ ಅದು ಅಪರಿಚಿತವಾಗುತ್ತದೆ. ಇನ್ನೊಂದು ಸಂಗತಿಯೂ ಉಂಟು. ಮಳೆಗಾಲದಲ್ಲಿ ಹೂವಿಲ್ಲದಾಗ ಜೇನುಕೃಷಿಕರು ನೊಣಗಳನ್ನು ಉಳಿಸಲು ಪೆಟ್ಟಿಗೆಗೆ ಸಕ್ಕರೆ ಪಾಕ ಇಡುತ್ತಾರೆ. ಅದು ಕಬ್ಬಿನದು, ಸಿ-4. ಆ ಶೇಷ ತೀರುವ ಮೊದಲೇ ಜೇನು ತೆಗೆದರೆ ಮೋಸದ ಉದ್ದೇಶವಿಲ್ಲದವರ ಜೇನಿನಲ್ಲಿಯೂ ಸಿ-4 ಸಕ್ಕರೆ ಕಾಣುತ್ತದೆ. ಅಂಕಿಯನ್ನು ಓದುವವರಿಗೆ ಜೇನುಗೂಡಿನ ಪರಿಚಯವೂ ಇರಬೇಕೆಂಬುದು ಇದಕ್ಕಾಗಿಯೇ.

ತರಗತಿಗೆ ಒಂದು ಮಾತು

ಈ ಕಥೆಯಲ್ಲಿ ಒಂದು ವಿಚಿತ್ರ ಕ್ರಮವಿದೆ, ಗಮನಿಸಿದಿರಾ? ಒಬ್ಬರಿಗೆ ತೊಡಕಾಗಿದ್ದುದು ಇನ್ನೊಬ್ಬರಿಗೆ ಸಾಧನವಾಯಿತು. ನಿಯಾನಿನ ಮಸುಕು ಗೆರೆ ಕಲ್ಮಶವೆಂಬ ಶಂಕೆಗೆ ಒಳಗಾಗಿತ್ತು. ಮೆಕ್ಕೆಜೋಳದ ತಪ್ಪು ವಯಸ್ಸು ಪುರಾತತ್ತ್ವಕ್ಕೆ ತಲೆನೋವಾಗಿತ್ತು. ಆ ಗೆರೆಯನ್ನು ಅಳಿಸಿದ್ದರೆ, ಆ ವಯಸ್ಸನ್ನು ಕೈಬಿಟ್ಟಿದ್ದರೆ, ಜೇನಿನ ಪರೀಕ್ಷೆ ಇರುತ್ತಿರಲಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಕಾಂತಕ್ಷೇತ್ರದಲ್ಲಿ ಅಯಾನಿನ ಹಾದಿಯನ್ನು ಬೋರ್ಡಿನ ಮೇಲೆ ಬರೆಯುವ ದಿನ ಪಕ್ಕದ ತರಗತಿಯ ಸಸ್ಯವಿಜ್ಞಾನದ ಅಧ್ಯಾಪಕರನ್ನೂ ಕರೆಯಿರಿ. ಊಟದ ಡಬ್ಬಿಗಳಲ್ಲಿರುವ ಪದಾರ್ಥಗಳನ್ನು ಸಿ-3, ಸಿ-4 ಎಂದು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಎರಡು ಬಗೆಯ ಪಾಕ ಬೆರೆತರೆ ಡೆಲ್ಟಾ ಎಷ್ಟಾಗುತ್ತದೆಂದು ಲೆಕ್ಕ ಹಾಕಲಿ. ಕೊನೆಗೆ ಅಕ್ಕಿ ಪಾಕದ ಪ್ರಶ್ನೆಯನ್ನು ಅವರ ಮುಂದಿಡಿ. ಅದಕ್ಕೆ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ನಮ್ಮ ಊರುಗಳ ಜೇನಿನ ಹೂಗಳನ್ನು ಗುರುತಿಸಿ, ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಹಿತಗಳ ಸಂಗ್ರಹವನ್ನು ಕಟ್ಟುವವರು ಬೇಕಾಗಿದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿಯೇ ಕುಳಿತಿರಬಹುದು.